ಹೆಪ್ಪುಗಟ್ಟಿದ ನೆಲದ ಮೇಲಿನ ಬಾಳು

ಆಳಕ್ಕೆ ತೋಡಿದರೆ ಎಲ್ಲಾದರೂ ನೀರು ಸಿಕ್ಕೀತೆಂಬುದು ನಮ್ಮ ನಂಬಿಕೆ. ಸೈಬೀರಿಯದ ಯಾಕುತ್ಸ್ಕ್ ಪಟ್ಟಣದಲ್ಲಿ ಶೆರ್ಗಿನ್ ಎಂಬಾತನೂ ಹೀಗೆಯೇ ನಂಬಿ 1828ರಲ್ಲಿ ಬಾವಿ ತೋಡಿಸತೊಡಗಿದ. 1837ರಲ್ಲಿ ಕೆಲಸ ನಿಂತಾಗ ಆಳ 116 ಮೀಟರು. ತಳದ ಮಣ್ಣು ಆಗಲೂ ಹೆಪ್ಪುಗಟ್ಟಿಯೇ ಇದ್ದಿತು! ಮುಂದೆ ಮಿಡ್ಡೆನ್‌ಡಾರ್ಫ್ ಎಂಬ ವಿಜ್ಞಾನಿ ಅದೇ ಬಾವಿಯಲ್ಲಿ ಉಷ್ಣಮಾಪಕಗಳನ್ನಿಟ್ಟು ನೆಲದೊಳಗಿನ ಚಳಿಯನ್ನು ಅಳೆದನು. ನೀರು ಕೊಡದ ಬಾವಿ ಜ್ಞಾನವನ್ನು ಕೊಟ್ಟಿತು.

ಅಲ್ಲಿ ಜನವರಿಯ ಸರಾಸರಿ ಶಾಖವು ಸೊನ್ನೆಗಿಂತ 35 ಡಿಗ್ರಿಗೂ ಹೆಚ್ಚು ಕೆಳಗೆ; ಜುಲೈನಲ್ಲಿ ಸೊನ್ನೆಯ ಮೇಲೆ ಸುಮಾರು 20. ಈ ಬೇಸಗೆ ಎಷ್ಟು ಬೆಚ್ಚಗಿದ್ದರೂ ಅಲ್ಪಕಾಲದ್ದು. ಮೇಲಿನ ಒಂದೆರಡು ಮೀಟರು ಮಣ್ಣು ಕರಗುವಷ್ಟರಲ್ಲಿ ಮತ್ತೆ ಚಳಿಗಾಲ ಬಂದುಬಿಡುತ್ತದೆ.

ಆದರೆ ಈ ಹೆಪ್ಪೇ ಅಲ್ಲಿನ ಜೀವಕ್ಕೆ ಆಧಾರವೆಂದರೆ ಆಶ್ಚರ್ಯವಲ್ಲವೆ? ವರ್ಷಕ್ಕೆ ಅಲ್ಲಿ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 240 ಮಿಲಿಮೀಟರು ಮಾತ್ರ. ಆ ನೀರು ಕೆಳಗೆ ಇಂಗಿಹೋಗದಂತೆ ಹೆಪ್ಪು ನೆಲವು ಪಾತ್ರೆಯ ತಳದಂತೆ ತಡೆಯುತ್ತದೆ. ಆದುದರಿಂದಲೇ ಅಲ್ಲಿ ಲಾರ್ಚ್ ಮರಗಳ ದಟ್ಟ ಕಾಡು. ಬೇರುಗಳಿಗೆ ಆಳಕ್ಕಿಳಿಯಲು ದಾರಿಯಿಲ್ಲ, ಅಗಲಕ್ಕೆ ಹರಡಿಕೊಳ್ಳುತ್ತವೆ. ಚಳಿಗಾಲಕ್ಕೆ ಮುನ್ನ ಮರ ತನ್ನ ಸೂಜಿಯೆಲೆಗಳನ್ನೆಲ್ಲ ಉದುರಿಸಿಬಿಡುತ್ತದೆ.

ನೆಲದೊಳಗಿನ ಮಂಜುಗಡ್ಡೆ ಹಿಂದೆ ಕರಗಿ ಕುಸಿದ ಕಡೆ ತಗ್ಗುಗಳಾಗಿ, ಅವುಗಳಲ್ಲಿ ಕೆರೆಯೂ ಹುಲ್ಲೂ ಬೆಳೆದಿವೆ. 'ಅಲಾಸ್' ಎಂಬ ಈ ತಗ್ಗುಗಳಲ್ಲಿ ಸಾಖಾ ಜನರು ಕುದುರೆ, ದನಗಳನ್ನು ಮೇಯಿಸುತ್ತಾರೆ. ಬೇಸಗೆಯಲ್ಲಿ ಹುಲ್ಲು ಕೊಯ್ದು ದೀರ್ಘ ಚಳಿಗಾಲಕ್ಕೆ ಕೂಡಿಡುತ್ತಾರೆ. ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಕೆರೆ, ನದಿಗಳ ಮಂಜುಗಡ್ಡೆಯನ್ನೇ ಕಡಿದು ತರುವುದುಂಟು.

ಮನೆ ಕಟ್ಟುವುದಕ್ಕೂ ಈ ನೆಲದ ಅಪ್ಪಣೆ ಬೇಕು. ಮನೆಯ ಬಿಸಿ ತಗುಲಿದರೆ ಅಡಿಯ ಹೆಪ್ಪು ಕರಗಿ ಗೋಡೆ ವಾಲುತ್ತದೆ. ಅದಕ್ಕಾಗಿ ಹೆಪ್ಪಿನೊಳಕ್ಕೆ ಕಂಬಗಳನ್ನು ಹೂತು, ಕಟ್ಟಡವನ್ನು ಅವುಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ತಣ್ಣನೆಯ ಗಾಳಿಯಾಡಲು ಬಿಡುತ್ತಾರೆ. ನೀರಿನ ಕೊಳವೆಗಳೂ ನೆಲದ ಮೇಲೆಯೇ ಹಾಯುತ್ತವೆ.

ಈಗ ಭೂಮಿಯ ಶಾಖವೇ ಏರುತ್ತಿದೆ. ಹೆಪ್ಪು ಕರಗಿ ಹುಲ್ಲುಗಾವಲುಗಳು ಹಳ್ಳದಿಣ್ಣೆಗಳಾಗುತ್ತಿವೆ, ಗೋಡೆಗಳು ಬಿರಿಯುತ್ತಿವೆ. ಸಾವಿರಾರು ವರ್ಷಗಳಿಂದ ಕೊಳೆಯದೆ ಉಳಿದಿದ್ದ ಸಸ್ಯಶೇಷಗಳು ಈಗ ಕೊಳೆತು, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಅನಿಲಗಳು ಗಾಳಿಗೆ ಸೇರುತ್ತಿವೆ. ಇವು ಶಾಖವನ್ನು ಇನ್ನಷ್ಟು ಏರಿಸುವಂಥವು. ಗಾಳಿಗೆ ಗಡಿಯಿಲ್ಲ. ಆ ದೂರದ ನೆಲದ ಹೆಪ್ಪು ಉಳಿಯಬೇಕಾದುದು ಅಲ್ಲಿಯವರಿಗೆಷ್ಟು ಅಗತ್ಯವೋ ನಮಗೂ ಅಷ್ಟೇ ಅಗತ್ಯ.