ನಿಂತ ಕಾರಿನ ಟಿಕ್ ಟಿಕ್

ಚಾರ್ಮಾಡಿ ಘಾಟಿಯ ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ಹತ್ತಿ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿದ್ದೀರಿ. ಕೀ ತೆಗೆದು ಚಹಾದಂಗಡಿಯ ಕಡೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ‘ಟಿಕ್’. ತುಸು ತಡೆದು ಮತ್ತೆ ‘ಟಿಕ್’. ಹೊಸ ಕಾರಿನವರಾದರೆ ಎದೆ ಧಸಕ್ಕೆನ್ನುತ್ತದೆ.

ಹೆದರುವಂಥದ್ದೇನೂ ಇಲ್ಲ. ಬಿಸಿಲು ಇಳಿದ ಮೇಲೆ ತಗಡಿನ ಮಾಡು ಸದ್ದು ಮಾಡುತ್ತದಲ್ಲ, ಇದೂ ಅದೇ. ಏರುದಾರಿಯಲ್ಲಿ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅದು ಹಾದುಹೋಗುವ ಕೊಳವೆಗಳು ಕಾದು ಹಿಗ್ಗಿರುತ್ತವೆ; ನಿಂತೊಡನೆ ಕುಗ್ಗತೊಡಗುತ್ತವೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 400 ಡಿಗ್ರಿಯಷ್ಟು ತಣಿದರೆ ನಾಲ್ಕೈದು ಮಿಲಿಮೀಟರ್ ಗಿಡ್ಡವಾಗುತ್ತದೆ. ಅದು ಸದ್ದಿಲ್ಲದೆ ಜಾರಿಕೊಂಡಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ತೆಳು ತಗಡು ಬೇಗ ತಣಿಯುತ್ತದೆ, ದಪ್ಪ ಎರಕ ನಿಧಾನ. ಎರಡನ್ನೂ ಬೋಲ್ಟು ಬಿಗಿದು ಕಟ್ಟಿಹಾಕಿದೆ. ಭಾರದ ಬೀರುವನ್ನು ತಳ್ಳಿ ನೋಡಿ: ಮೊದಲು ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಜಗ್ಗನೆ ಸರಿಯುತ್ತದೆ. ಇಲ್ಲಿಯೂ ಎಳೆತ ಹೆಚ್ಚುತ್ತಾ ಹೋಗಿ, ಘರ್ಷಣೆ ಸೋತ ಕ್ಷಣದಲ್ಲಿ ಲೋಹ ಕೂದಲೆಳೆಯಷ್ಟು ಸರಿಯುತ್ತದೆ. ಆ ಸರಿತವೇ ಟಿಕ್. ಕಾದದ್ದು ಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ ತಣಿಯುವುದರಿಂದ ಟಿಕ್‌ಗಳ ನಡುವಿನ ಅಂತರವೂ ಬೆಳೆಯುತ್ತಾ ಹೋಗುತ್ತದೆ.

1995ರ ಏಪ್ರಿಲ್‌ನಲ್ಲಿ ನಮ್ಮ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಹೊಗೆಯ ವಿಷ ಇಳಿಸುವ ಈ ಡಬ್ಬಿ ಕೆಲಸ ಮಾಡಬೇಕಾದರೆ ಕೆಂಡದಂತೆ ಕಾಯಬೇಕು. ಅದರ ಬಿಸಿ ಕಾರಿನ ನೆಲಕ್ಕೆ ತಾಗದಿರಲು ತೆಳು ತಗಡಿನ ಮರೆ. ಈ ಮೇಳದಲ್ಲಿ ತಾಳ ಹಾಕುವವನು ಹೆಚ್ಚಾಗಿ ಆ ತಗಡೇ.

ರೇಡಿಯೇಟರ್ ಫ್ಯಾನಿನ ‘ಗುಂಯ್’ ಬೇರೆಯೇ ಕತೆ. ಎಂಜಿನ್ ನಿಂತರೆ ಅದರ ಬೆಲ್ಟಿನಿಂದ ತಿರುಗುವ ನೀರಿನ ಪಂಪೂ ನಿಲ್ಲುತ್ತದೆ. ಹರಿವು ನಿಂತ ಕೂಲೆಂಟ್‌ಗೆ ಕಾದ ಲೋಹದ ಬಿಸಿ ಏರುವುದರಿಂದ, ವಿಚಿತ್ರವೆಂದರೆ, ಕಾರು ನಿಲ್ಲಿಸಿದ ಮೇಲೆ ಅದರ ಉಷ್ಣತೆ ಕೆಲ ನಿಮಿಷ ಹೆಚ್ಚುತ್ತದೆ. ಹಾಗಾಗಿ ಹಲವು ಕಾರುಗಳಲ್ಲಿ ಫ್ಯಾನ್ ಬ್ಯಾಟರಿಯ ಬಲದಿಂದ ತಾನಾಗಿಯೇ ತಿರುಗೀತು. ಬಾನೆಟ್ ಎತ್ತಿ ಕೈ ಹಾಕುವವರು ಜೋಕೆ. ಮುಚ್ಚಳ ಬಿಚ್ಚುವ ಮಾತಂತೂ ಬೇಡ. ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ಮೀರಿದರೂ ಕುದಿಯದೆ ಕುಳಿತಿರುವ ನೀರು ಒತ್ತಡ ತಪ್ಪಿದೊಡನೆ ಉಕ್ಕಿ ಮುಖಕ್ಕೇ ಎರಚುತ್ತದೆ. ಡ್ಯಾಶ್‌ಬೋರ್ಡಿನ ಕಡೆಯಿಂದ ಬರುವ ಸಣ್ಣ ‘ಸುಸ್’ ಮಾತ್ರ ನಿರಪಾಯಕಾರಿ: ಏಸಿಯ ಅನಿಲ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆಯ ಕಡೆಗೆ ಹರಿದು ಸಮವಾಗುತ್ತಿದೆ, ಅಷ್ಟೆ.

ಹಳೆಯ ಕಾರ್ಬ್ಯುರೇಟರ್ ಕಾರುಗಳಿಗೆ ಇನ್ನೊಂದು ಚಾಳಿಯಿತ್ತು. ಕೀ ತೆಗೆದರೂ ಎಂಜಿನ್ ‘ಡಗ್ ಡಗ್’ ಎಂದು ನಾಲ್ಕಾರು ಸುತ್ತು ಕುಣಿಯುತ್ತಿತ್ತು. ಸಿಲಿಂಡರಿನಲ್ಲಿ ಕಟ್ಟಿದ ಮಸಿ ಕೆಂಪಗೆ ಕಾದು, ಕಿಡಿಯ ಹಂಗಿಲ್ಲದೆ ಪೆಟ್ರೋಲ್ ಹೊತ್ತಿಸುತ್ತಿತ್ತು. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಕೀ ತೆಗೆದರೆ ಪೆಟ್ರೋಲೇ ನಿಲ್ಲುತ್ತದೆ. ಆ ಕುಣಿತವೂ ಮುಗಿಯಿತು.

ಎಲ್ಲಕ್ಕಿಂತ ತಡವಾಗಿ ಕೇಳುವ ಸದ್ದು ಅಮೆರಿಕದಲ್ಲಿ ಓಡಾಡುವ ಕೆಲವು ಟೊಯೋಟಾ ಕಾರುಗಳದು. ನಿಲ್ಲಿಸಿ ಸುಮಾರು 5 ಗಂಟೆ ಕಳೆದ ಮೇಲೆ, ಗ್ಯಾರೇಜಿನ ಕತ್ತಲಲ್ಲಿ, ಕಾರಿನಡಿ ಪುಟ್ಟ ಪಂಪೊಂದು ಗುನುಗತೊಡಗುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯೇ ಎಂದು ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ಹೊತ್ತು ಅದು. ಬಿಸಿ ಪೆಟ್ರೋಲ್ ಆವಿಯಾಗುತ್ತಲೇ ಇದ್ದರೆ ಒತ್ತಡದ ಲೆಕ್ಕ ತಪ್ಪುತ್ತದೆ. ಅದಕ್ಕೇ ಎಲ್ಲ ತಣ್ಣಗಾಗಲಿ ಎಂದು ಅಷ್ಟು ಹೊತ್ತು ಕಾಯುತ್ತದೆ.