ಅಡಿಗೆ ಅರ್ಧ ಇಂಚಿನ ಬಾಂಬರ್

ಬೀದರಿನ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಊರ ಪಕ್ಕದಲ್ಲೇ ಇದೆ. ಬ್ರಿಟನ್ನಿನಲ್ಲಿ ವಿನ್ಯಾಸಗೊಂಡ ಹಾಕ್ ವಿಮಾನ 2008ರಲ್ಲಿ ನಮ್ಮ ವಾಯುಪಡೆಯನ್ನು ಸೇರಿದ್ದೂ ಇಲ್ಲಿಯೇ. ಆದರೆ ಈ ಸೀಮೆಗೂ ಬ್ರಿಟನ್ನಿನ ಯುದ್ಧವಿಮಾನಕ್ಕೂ ಇರುವ ನಂಟು ಅದಕ್ಕಿಂತ 90 ವರ್ಷ ಹಳೆಯದು ಎಂಬುದು ಎಷ್ಟು ಜನರಿಗೆ ಗೊತ್ತು?

1918, ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳು. ಬ್ರಿಟನ್ನಿನ 110ನೇ ಸ್ಕ್ವಾಡ್ರನ್ ಡಿಎಚ್-9ಎ ಎಂಬ ಹೊಸ ಬಾಂಬರುಗಳೊಂದಿಗೆ ಫ್ರಾನ್ಸಿಗೆ ಹೋಯಿತು. ಅವುಗಳ ಖರ್ಚು ಕೊಟ್ಟವರು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ವಿಮಾನದ ಮೈಮೇಲೆ ‘ನಿಜಾಮರ ಕೊಡುಗೆ’ ಎಂದು ಇಂಗ್ಲಿಷಿನಲ್ಲಿ ಬರೆಸಲಾಗಿತ್ತು. ದಳಕ್ಕೂ ‘ಹೈದರಾಬಾದ್’ ಎಂಬ ಹೆಸರೇ ಬಂತು. ಬೀದರ್, ಭಾಲ್ಕಿ, ಔರಾದ ಆಗ ನಿಜಾಮರ ರಾಜ್ಯದಲ್ಲಿದ್ದವು. ಆ ರಾಜ್ಯದ ಆದಾಯದಲ್ಲಿ ದೊಡ್ಡ ಪಾಲು ಭೂಕಂದಾಯ. ಜೋಳ, ತೊಗರಿ ಬೆಳೆದವನ ದುಡ್ಡೂ ಜರ್ಮನಿಯ ಮೇಲೆ ಹಾರಿತೆನ್ನಿ! ಅವನನ್ನು ಕೇಳಿದವರಿಲ್ಲ, ಅವನ ಹೆಸರನ್ನು ಬರೆಸಿದವರೂ ಇಲ್ಲ.

ಅವುಗಳಲ್ಲೊಂದು, ಎಫ್ 1010, ಅದೇ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿತು. ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿದ್ದು, ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿಗೆ ಸಾಗಿ, 1977ರಲ್ಲಿ ಬ್ರಿಟನ್ನಿಗೆ ಮರಳಿತು. ಆ ದೇಶದ ವಾಯುಪಡೆಯ ಲಂಡನ್ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಲಂಡನ್ ದೂರವಾಯಿತು. ಅದರ ಮಾದರಿಯನ್ನೇ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಿದರೆ ಹೇಗೆ? ‘ಇದೆಲ್ಲ ಮಾಡ್ಕೋತ ಕುಂತ್ರ ಓದೋದು ಯಾವಾಗ?’ ಎಂದು ಪಾಲಕರು ಗೊಣಗಬಹುದು. ಆದರೆ ಪುಸ್ತಕದಲ್ಲಿ ಕಬ್ಬಿಣದ ಕಡಲೆಯಾದ ಅನುಪಾತದ ಲೆಕ್ಕ ಇಲ್ಲಿ ಬೆರಳ ತುದಿಯಲ್ಲಿ ಬಿಡಿಸಿಕೊಳ್ಳುತ್ತದೆ. 1:24 ಎಂದರೆ ಅಡಿಗೆ ಅರ್ಧ ಇಂಚು. ರೆಕ್ಕೆಯ ಹರವು ಸುಮಾರು 46 ಅಡಿ. ಮಾದರಿಯಲ್ಲಿ 23 ಇಂಚು. ಉದ್ದ 30 ಅಡಿ; ಮಾದರಿಯಲ್ಲಿ 15 ಇಂಚು. ಆರಡಿಯ ಚಾಲಕ ಮೂರು ಇಂಚಿನ ಗೊಂಬೆ! ಉದ್ದ 24 ಪಟ್ಟು ಕುಗ್ಗಿದರೆ ರೆಕ್ಕೆಯ ವಿಸ್ತೀರ್ಣ ಮಾತ್ರ 576 ಪಟ್ಟು ಕುಗ್ಗುತ್ತದೆ. ಏಕೆಂದು ಮಕ್ಕಳೇ ಹೇಳಲಿ.

ದುಬಾರಿ ಪ್ಲಾಸ್ಟಿಕ್ ಕಿಟ್ ಬೇಕಿಲ್ಲ. ಮೂಲ ವಿಮಾನವೇ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದು. ಗಾಳಿಪಟ ಕಟ್ಟಬಲ್ಲವನಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ. ಬಿದಿರಿನ ಕಡ್ಡಿ, ತೆಳು ಕಾಗದ, ಅಂಟು ಸಾಕು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಕಂಬಗಳು, ತಂತಿಯ ಬದಲು ದಾರ. ತೆರೆದ ಎರಡು ಆಸನಗಳು: ಮುಂದೆ ಚಾಲಕ, ಹಿಂದೆ ಬಂದೂಕಿನವ. ನಿಜಾಮರ ಬರಹವನ್ನು ಕೊನೆಗೆ ಇಟ್ಟುಕೊಳ್ಳಿ. ಕಾಗದ ಬಿಗಿಯಾಗಿ ಒಣಗಿದ ಮೇಲೆ, ತೀರ ಸಣ್ಣ ಕುಂಚದಿಂದ ಬರೆಯಿರಿ.