ನೆನೆಹಾಕಿದ ಕಾಳಿನ ಲೆಕ್ಕ

ಹುರುಳಿಕಾಳಿನ ಬಸ್ಸಾರು ಎಂದರೆ ಹಿಂದಿನ ರಾತ್ರಿಯೇ ಕಾಳು ನೆನೆಹಾಕಬೇಕು, ಬೆಳಿಗ್ಗೆ ಬೇಯಿಸಬೇಕು, ಬಸಿಯಬೇಕು, ರುಬ್ಬಬೇಕು, ಒಗ್ಗರಣೆ ಹಾಕಬೇಕು. ಇಷ್ಟು ಕೇಳುತ್ತಲೇ 'ಅಷ್ಟೆಲ್ಲ ಪುರಸೊತ್ತು ಯಾರಿಗಿದೆ?' ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿದರೆ ಆ ಹತ್ತು ಹನ್ನೆರಡು ಗಂಟೆಗಳಲ್ಲಿ ಅಡುಗೆ ಮಾಡುವವರ ಕೈ ಆಡುವುದು ಅರ್ಧ ಮುಕ್ಕಾಲು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಕೆಲಸ ಮಾಡುವುದು ನೀರು, ಆಗ ಮನೆಮಂದಿ ನಿದ್ದೆಯಲ್ಲಿರುತ್ತಾರೆ. ಹಾಗಿದ್ದೂ ದಿನನಿತ್ಯದ ಊಟದಿಂದ ಇಡಿಕಾಳು ಹಿಂದೆ ಸರಿದು, ಅರ್ಧ ಗಂಟೆಯಲ್ಲಿ ಬೇಯುವ ತೊಗರಿಬೇಳೆಯೊಂದೇ ಗಟ್ಟಿಯಾಗಿ ಕೂತಿದೆ. ಇದಕ್ಕೆ ಸಮಯದ ಅಭಾವವನ್ನು ದೂರುವುದು ಸುಲಭ. ನನ್ನ ಮಟ್ಟಿಗೆ ಅಸಲಿ ಕಾರಣಗಳು ಎರಡು: ನಾಳೆಯ ಊಟದ ಯೋಚನೆ ಇವತ್ತು ರಾತ್ರಿ ಮಾಡುವ ಅಭ್ಯಾಸ ತಪ್ಪಿದ್ದು, ಮತ್ತು ಕಾಳು ಒಮ್ಮೊಮ್ಮೆ ಎಷ್ಟು ಕುದಿಸಿದರೂ ಯಾಕೆ ಬೇಯುವುದಿಲ್ಲ ಎಂಬುದು ತಿಳಿಯದಿರುವುದು.

ಮೊದಲು ದುಡ್ಡಿನ ಮಾತು. 2015ರ ಕೊನೆಯಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಹೋದಾಗ ಸಾರು ತೆಳ್ಳಗಾಗದ ಮನೆ ಕಡಿಮೆ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ, ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೂ ದೇಶದ ಬೇಡಿಕೆ ತೀರಿಸಲು ಮ್ಯಾನ್ಮಾರ್‌ನಿಂದ, ಮೊಜಾಂಬಿಕ್‌ನಿಂದ ತೊಗರಿ ತರಿಸುತ್ತಲೇ ಇದ್ದೇವೆ. ಒಂದೇ ಬೇಳೆಗೆ ಜೋತುಬಿದ್ದ ಅಡುಗೆಮನೆ ಆ ಬೇಳೆಯ ಬೆಲೆಗೆ ಅಡಿಯಾಳು. ಹುರುಳಿ, ಅಲಸಂದೆ, ಹೆಸರು, ಮಡಕೆ, ಕಡಲೆ, ಅವರೆ ಇವೆಲ್ಲ ನಮ್ಮ ಮಳೆಯಾಶ್ರಿತ ಹೊಲಗಳಲ್ಲೇ ಬೆಳೆಯುವಂಥವು, ಹುರುಳಿಯಂತೂ ಬಡ ನೆಲದಲ್ಲಿ, ಹಿಂಗಾರಿನ ಅಲ್ಪಸ್ವಲ್ಪ ತೇವಕ್ಕೇ ತೃಪ್ತಿಪಟ್ಟುಕೊಳ್ಳುವ ಬೆಳೆ. ತಲೆಗೆ 50 ಗ್ರಾಂ ಒಣಕಾಳು ಎಂದುಕೊಳ್ಳಿ. ನಾಲ್ಕು ಜನಕ್ಕೆ 200 ಗ್ರಾಂ, ಬೆಂದಾಗ ಅದೇ ಹತ್ತಿರ ಹತ್ತಿರ ಅರ್ಧ ಕಿಲೋ. ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ ಇಡೀ ಮನೆಯ ಕಾಳಿನ ಖರ್ಚು 20 ರೂಪಾಯಿ. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಪ್ರೋಟೀನ್ ಇರುವುದರಿಂದ ಒಬ್ಬೊಬ್ಬರಿಗೂ ಸುಮಾರು 11 ಗ್ರಾಂ ಸಿಗುತ್ತದೆ, ಅಳತೆಯಲ್ಲಿ ಎರಡು ಮೊಟ್ಟೆಯಷ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ತನ್ನ ಮಾದರಿ ತಟ್ಟೆಯಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳು ಸೂಚಿಸುತ್ತದೆ. ತಿಳಿಸಾರಿನ ತಳದಲ್ಲಿರುವ ನಾಲ್ಕು ಬೇಳೆಯಿಂದ ಆ ಲೆಕ್ಕ ತುಂಬುವುದಿಲ್ಲ.

ಇನ್ನು ಬೇಯದ ಕಾಳಿನ ವಿಷಯ. ಕಾಳಿನೊಳಗಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಪೆಕ್ಟಿನ್. ಬೇಯುವುದೆಂದರೆ ಈ ಅಂಟು ಬಿಟ್ಟುಕೊಳ್ಳುವುದು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಕಾಳು ಹಟ ಹಿಡಿಯುವುದು ಇದಕ್ಕೇ. ಒಲೆಯನ್ನೋ ಕುಕ್ಕರನ್ನೋ ಬೈದು ಫಲವಿಲ್ಲ, ಕುಡಿಯಲು ಶುದ್ಧೀಕರಿಸಿದ ನೀರನ್ನೇ ಕಾಳಿಗೂ ಬಳಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆ ಇದೆ. ನೆನೆಹಾಕುವ ನೀರಿನ ಮಟ್ಟಿಗೆ ಇದು ತಲೆಕೆಳಗಾದ ಮಾತು: ಲೀಟರ್ ನೀರಿಗೆ ಒಂದೂವರೆ ಚಮಚ ಉಪ್ಪು ಕರಗಿಸಿ ಕಾಳು ನೆನೆಸಿದರೆ ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿನ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಕಾಳು ಒಡೆಯದೆ ಬೇಯುತ್ತದೆ. ನಿಜವಾಗಿ ಅಡ್ಡಗಾಲು ಹಾಕುವುದು ಹುಳಿ. ಹುಣಸೆಯನ್ನೋ ಟೊಮೆಟೊವನ್ನೋ ಕಾಳಿನ ಜೊತೆಗೇ ಕುಕ್ಕರಿಗೆ ಹಾಕಿದರೆ ಆ ಅಂಟು ಬಿಡುವುದೇ ಇಲ್ಲ, ಬೆಲ್ಲದ್ದೂ ಅದೇ ಕಥೆ. ಇವೆರಡೂ ಕಾಳು ಪೂರ್ತಿ ಬೆಂದ ಮೇಲಿನವು. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಬೇಯುವುದೇನೋ ಹೌದು, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ, ಕೈ ಕೊಂಚ ಮುಂದಾದರೆ ಸಾಬೂನಿನ ರುಚಿ ಬೇರೆ. ಗಡಸು ನೀರು ಬಿಟ್ಟು ಬೇರೆ ಗತಿಯೇ ಇಲ್ಲದವರಿಗೆ ಮಾತ್ರ ಅದು ಕೊನೆಯ ಉಪಾಯ.

ಅನಿಲದ ಖರ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ನೆನೆಯದ ಹುರುಳಿ ಇಟ್ಟರೆ ಸಿಲಿಂಡರು ಖಾಲಿಯಾಗುವ ಭಯ ಸಹಜ. ಪ್ರೆಷರ್ ಕುಕ್ಕರಿನೊಳಗೆ ಅದೇ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ರಾತ್ರಿಯೆಲ್ಲ ನೆನೆದ ಹುರುಳಿ, ಕಡಲೆ ನಾಲ್ಕೈದು ಸೀಟಿಗೆ ಸಿದ್ಧ, ಹೆಸರಿಗೆ, ಅಲಸಂದೆಗೆ ಇನ್ನೂ ಕಡಿಮೆ ಸಾಕು. ಸೀಟಿ ಮುಗಿದ ಕೂಡಲೇ ಒಲೆ ಆರಿಸಿ, ಹಬೆಯನ್ನು ಬಲವಂತವಾಗಿ ಬಿಡಿಸದೆ ತಾನಾಗಿ ಇಳಿಯಲು ಬಿಟ್ಟರೆ ಆ ಹತ್ತು ಹದಿನೈದು ನಿಮಿಷವೂ ಕಾಳು ಪುಕ್ಕಟೆಯಾಗಿ ಬೇಯುತ್ತದೆ. ಅರ್ಥಾತ್ ಅನಿಲ ಉಳಿಸುವುದು ಹಿಂದಿನ ರಾತ್ರಿಯ ಒಂದು ಪಾತ್ರೆ ನೀರು. ನೆನೆಹಾಕುವುದು ಮರೆತೇ ಹೋಯಿತೇ? ಬೆಳಿಗ್ಗೆ ಕಾಳನ್ನು ಎರಡು ನಿಮಿಷ ಕುದಿಸಿ, ಮುಚ್ಚಿ, ಒಂದು ಗಂಟೆ ಬಿಡಿ, ಬಹುಮಟ್ಟಿಗೆ ಅದೇ ಫಲ.

ಬಸ್ಸಾರಿನ ಜಾಣತನ ಗಮನಿಸಬೇಕಾದದ್ದು. ನೆನೆದ ಹುರುಳಿ ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಸೇರಿಸಿ ಇನ್ನೊಂದು ಕುದಿ ಬರಿಸುತ್ತಾರೆ. ಆಮೇಲೆ ಬಸಿಯುವುದು. ಕೆಳಗಿಳಿಯುವ ಕಂದುಬಣ್ಣದ ಕಟ್ಟು ಸಾರಿಗೆ, ಮೇಲುಳಿಯುವ ಕಾಳುಸೊಪ್ಪು ಪಲ್ಯಕ್ಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಂದಿಷ್ಟು ಕಾಯಿತುರಿ, ಸಾರಿನ ಪುಡಿ, ಹುಣಸೆ, ಇವುಗಳ ಜೊತೆ ಬೆಂದ ಕಾಳನ್ನೇ ಒಂದು ಹಿಡಿ ಹಾಕಿ ನುಣ್ಣಗೆ ರುಬ್ಬಿ ಕಟ್ಟಿಗೆ ಕದಡುತ್ತಾರೆ. ಸಾರಿಗೆ ಮಂದ ಬರುವುದು ಆ ಹಿಡಿ ಕಾಳಿನಿಂದಲೇ, ಬೇಳೆ ಬೇಕಿಲ್ಲ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದು ಚೆನ್ನಾಗಿ ಕುದಿದರೆ ಸಾರಾಯಿತು. ಅತ್ತ ಒಣಮೆಣಸಿನಕಾಯಿ, ಈರುಳ್ಳಿಯಲ್ಲಿ ಕಾಳುಸೊಪ್ಪು ಬಾಡಿಸಿ ಕಾಯಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಯಿತು, ಬೇಯಿಸಿದ ನೀರಿನ ಒಂದು ತೊಟ್ಟೂ ಚರಂಡಿಗೆ ಹೋಗಲಿಲ್ಲ. ಮಂಡ್ಯ, ಮೈಸೂರಿನ ಕಡೆಯ ಉಪ್ಸಾರು ಇದರ ಇನ್ನೂ ಸರಳ ರೂಪ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಮಡಕೆಕಾಳಿನ ಉಸಳಿ, ಕರಾವಳಿಯಲ್ಲಿ ಕಡ್ಲೆ ಗಸಿ ಇವೆ. ಹುರುಳಿ ದನಕ್ಕೆ ಹಾಕುವ ಕಾಳು ಎಂದು ಮೂಗು ಮುರಿಯುವವರಿಗೆ ಇಷ್ಟೇ ಹೇಳಬಹುದು: ದಿನವಿಡೀ ಉಳುವ ಎತ್ತಿಗೆ ರೈತ ಬೇಯಿಸಿ ತಿನ್ನಿಸುತ್ತಿದ್ದ ಕಾಳು ನಿಸ್ಸತ್ವದ್ದಾಗಿರಲು ಸಾಧ್ಯವಿಲ್ಲ.

ಕಾಳು ತಿಂದರೆ ವಾಯು ಎಂಬ ದೂರಿನಲ್ಲಿ ಸತ್ಯವಿದೆ. ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ, ಅನಿಲ ಹುಟ್ಟುವುದು ಆಗಲೇ. ನೆನೆಸಿದ ನೀರು ಚೆಲ್ಲಿದರೆ ಆ ಸಕ್ಕರೆಯ ಒಂದು ಪಾಲು ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನೂ ಹೆಚ್ಚು, ಜೊತೆಗೆ ಒಣಕಾಳಿನಲ್ಲಿ ಹೆಸರಿಗಷ್ಟೇ ಇದ್ದ ಸಿ ಜೀವಸತ್ವವೂ ಬರುತ್ತದೆ. ನೆನೆಸಿದ ನೀರು ಚೆಲ್ಲಿ, ಬೇಯಿಸಿದ ನೀರು ಉಳಿಸಿಕೊಳ್ಳಿ. ಅಪರೂಪಕ್ಕೆ ತಿನ್ನುವವರಿಗೇ ತೊಂದರೆ ಹೆಚ್ಚು, ಸ್ವಲ್ಪಸ್ವಲ್ಪವಾಗಿ ಶುರುಮಾಡಿದರೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಎರಡನೆಯ ಆಕ್ಷೇಪ ಕಾಳಿನ ಪ್ರೋಟೀನ್ ಅಪೂರ್ಣ ಎಂಬುದು. ಕಾಳಿನಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ, ಧಾನ್ಯಗಳಲ್ಲಿ ಇದು ತಿರುಗುಮುರುಗು. ಮುದ್ದೆಯ ಪಕ್ಕ ಬಸ್ಸಾರು, ರೊಟ್ಟಿಯ ಪಕ್ಕ ಉಸಳಿ ಇಟ್ಟುಕೊಂಡವರು ಈ ಕೊರತೆಯನ್ನು ತಟ್ಟೆಯಲ್ಲೇ ತುಂಬಿಕೊಂಡಿರುತ್ತಾರೆ. ಒಂದು ಕಾಳಿನ ಬಗ್ಗೆ ಮಾತ್ರ ಎಚ್ಚರ ಬೇಕು. ರಾಜ್ಮಾದಲ್ಲಿ ಲೆಕ್ಟಿನ್ ಎಂಬ ನಂಜಿದೆ, ಅರೆಬೆಂದರೆ ವಾಂತಿ ಭೇದಿ ಖಚಿತ. ಅದನ್ನು ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲೇ ಬೇಯಿಸಬೇಕು. ವಿದೇಶದಲ್ಲಿರುವ ಕನ್ನಡಿಗರು ಬಳಸುವ, ಸಣ್ಣ ಉರಿಯಲ್ಲಿ ದಿನವಿಡೀ ಬೇಯಿಸುವ ಸ್ಲೋ ಕುಕ್ಕರಿನ ಶಾಖ ಆ ನಂಜನ್ನು ಕೊಲ್ಲಲು ಸಾಲದು.

ಇಷ್ಟಾದರೂ ಉಳಿಯುವ ತಕರಾರು ಒಂದೇ, ದಿನಾ ರಾತ್ರಿ ಇದನ್ನೆಲ್ಲ ನೆನಪಿಟ್ಟುಕೊಳ್ಳುವವರು ಯಾರು? ಮನೆಯ ಹೆಂಗಸರ ತಲೆಗೇ ಇನ್ನೊಂದು ಕೆಲಸ ಕಟ್ಟುವುದಾದರೆ ಈ ಉಳಿತಾಯವೆಲ್ಲ ಮೋಸವೇ. ಕಾಳು ತೊಳೆದು ನೀರು ಹಾಕಿಡಲು ಅಡುಗೆ ಬರಬೇಕಾಗಿಲ್ಲ, ರಾತ್ರಿ ಕೊನೆಗೆ ಮಲಗುವವರು ಯಾರೇ ಆಗಲಿ ಮಾಡಬಹುದು. ದಿನವೂ ಮಾಡಬೇಕೆಂದೂ ಇಲ್ಲ. ಭಾನುವಾರ ಒಂದು ಕಿಲೋ ಕಡಲೆ ಬೇಯಿಸಿ, ಪಾಲು ಮಾಡಿ ಫ್ರೀಜರಿನಲ್ಲಿಟ್ಟರೆ ವಾರವಿಡೀ ಗಸಿಗೂ ಉಸಳಿಗೂ ಆಯಿತು. ಕೊಳ್ಳುವಾಗ ಮಾತ್ರ ಒಂದು ವರ್ಷಕ್ಕೆಂದು ತುಂಬಿಕೊಳ್ಳಬೇಡಿ. ಸೆಖೆ, ತೇವ ಇರುವ ಕಡೆ ತಿಂಗಳುಗಟ್ಟಲೆ ಕೂತ ಕಾಳಿನಲ್ಲಿ ಆ ಅಂಟು ಇನ್ನಷ್ಟು ಗಟ್ಟಿಯಾಗುತ್ತದೆ, ಮತ್ತೆ ಯಾವ ಕುಕ್ಕರಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಬಣ್ಣ ಕಪ್ಪಿಟ್ಟ, ಸುಕ್ಕುಬಿದ್ದ, ತೂತು ಹೊಡೆದ ಕಾಳು ಬಿಟ್ಟು, ಹೊಸ ಫಸಲಿನದು ಕೇಳಿ ಎರಡು ತಿಂಗಳಿಗಾಗುವಷ್ಟು ಮಾತ್ರ ತನ್ನಿ.